ಆಟಿಕೆ ಕಾರು ಗೆರೆ ದಾಟಿದ್ದನ್ನು ಹಿಡಿಯೋಕೆ ಯಾವ ಸೆನ್ಸರ್?

ಆಟಿಕೆ ಕಾರಿನ ಟ್ರ್ಯಾಕ್‌ಗೆ ಒಂದು ಟೈಮರ್ ಮಾಡಬೇಕಿತ್ತು. ಇಳಿಜಾರಿನ ಮೇಲಿಂದ ಕಾರು ಬಿಡೋದು, ಅದು ಕೆಳಗೆ ಬಂದು ಗೆರೆ ದಾಟೋದು, ಎಷ್ಟು ಹೊತ್ತು ಹಿಡಿಯಿತು ಅಂತ ಡಿಸ್‌ಪ್ಲೇ ಮೇಲೆ ಬರೋದು, ಇಷ್ಟೇ. ಅಕ್ಕನ ಮಗನ ಬೇಡಿಕೆ ಇದು. ಮೊಬೈಲ್ ಸ್ಟಾಪ್‌ವಾಚ್ ಒತ್ತಿ ಯಾವ ಕಾರು ಗೆದ್ದಿತು ಅಂತ ಹೇಳಿದರೆ ಅವನು ಒಪ್ಪುತ್ತಲೇ ಇರಲಿಲ್ಲ. "ಮಾಮ, ನೀನು ಲೇಟಾಗಿ ಒತ್ತಿದೆ" ಅನ್ನುತ್ತಿದ್ದ. ಅದೂ ಸರಿಯೇ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗಿಬಿಡುತ್ತದೆ, ಎರಡು ಕಾರುಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಅದಕ್ಕಿಂತ ಕಡಿಮೆ ಇರುತ್ತದೆ.

ಬೋರ್ಡ್ ಬಗ್ಗೆ ತಲೆಬಿಸಿ ಇರಲಿಲ್ಲ, ಆರ್ಡುಯಿನೋ ಊನೋ (ಕೋಡ್ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಕೈಯಲ್ಲೇ ಇತ್ತು. ಸೆನ್ಸರ್ ಯಾವುದು ಅನ್ನೋದೇ ಪ್ರಶ್ನೆ. ಹಳೆಯ ಪ್ರಾಜೆಕ್ಟ್‌ಗಳಿಂದ ಉಳಿದ ಮಾಡ್ಯೂಲ್‌ಗಳು ಡಬ್ಬಿ ತುಂಬ ಇದ್ದವು, ಎಲ್ಲವೂ ಒಂದಲ್ಲ ಒಂದು ರೀತಿ ಚಲನೆ ಪತ್ತೆ ಮಾಡುವಂಥವೇ. ಗೆಳೆಯನೊಬ್ಬನನ್ನು ಕೇಳಿದೆ. "ಮೋಷನ್ ತಾನೆ? ಸುಮ್ನೆ ಒಂದು ಪಿಐಆರ್ ಹಾಕು ಕಣೋ" ಅಂದ. ಪಿಐಆರ್ ಅಂದರೆ ಮೈ ಶಾಖ ನೋಡಿ ಚಲನೆ ಹಿಡಿಯುವ ಸೆನ್ಸರ್.

ಹಾಕುವ ಮೊದಲು ಒಂದು ಲೆಕ್ಕ ಮಾಡಿಕೊಂಡೆ. ಆ ಲೆಕ್ಕ ಮಾಡಿದ್ದರಿಂದಲೇ ಅರ್ಧ ಡಬ್ಬಿ ಖಾಲಿ ಆಯಿತು. ಕಾರಿನ ಉದ್ದ 7 ಸೆಂಟಿಮೀಟರ್. ಅರ್ಧ ಮೀಟರ್ ಎತ್ತರದಿಂದ ಬಿಟ್ಟರೆ, ಘರ್ಷಣೆ ಇಲ್ಲವೇ ಇಲ್ಲ ಅಂದುಕೊಂಡರೆ ಕೆಳಗೆ ಬಂದಾಗ ವೇಗ ಸೆಕೆಂಡಿಗೆ 3.1 ಮೀಟರ್ ಇರಬೇಕು. ನಿಜದಲ್ಲಿ ಅಷ್ಟು ಬರೋದಿಲ್ಲ, 2 ಮೀಟರ್ ಅಂತ ಹಿಡಿಯೋಣ. ಅಂದರೆ ಯಾವುದೇ ಒಂದು ಬಿಂದುವಿನ ಮುಂದೆ ಕಾರು ಇರೋದು 35 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಸೆನ್ಸರ್ ನೋಡಬೇಕು, ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲವೂ ಕಾರಿನ ಮೂಗು ಅದೇ ಜಾಗಕ್ಕೆ ಬಂದಾಗಲೇ ಹೇಳಬೇಕು. 1 ಸೆಂಟಿಮೀಟರ್ ಆಚೀಚೆ ಆದರೆ 5 ಮಿಲಿಸೆಕೆಂಡ್ ತಪ್ಪು.

ಈಗ ಪಿಐಆರ್ ತಗೊಳ್ಳಿ. ಎಚ್‌ಸಿ-ಎಸ್‌ಆರ್501 ಅನ್ನೋ ಬಿಳಿ ಗುಮ್ಮಟದ ಮಾಡ್ಯೂಲ್ ಎಲ್ಲರೂ ನೋಡಿರುತ್ತೀರಿ. ಆ ಗುಮ್ಮಟ ಫ್ರೆನೆಲ್ ಲೆನ್ಸ್. ಒಳಗೆ ಪೈರೋಎಲೆಕ್ಟ್ರಿಕ್ ಸೆನ್ಸರ್, ಎರಡು ಭಾಗ. ಮೈಯಿಂದ ಹೊರಡುವ ಶಾಖದ ಕಿರಣ ಒಂದು ಭಾಗದಿಂದ ಇನ್ನೊಂದಕ್ಕೆ ಸರಿದಾಗ ಸಿಗುವ ಏರಿಳಿತವನ್ನು ಅದು ಹಿಡಿಯುತ್ತದೆ. ಮನುಷ್ಯ, ನಾಯಿ, ಬೆಕ್ಕು ಎಲ್ಲ ಸರಿ, ಸುತ್ತಲಿನ ಗೋಡೆಗಿಂತ ಬಿಸಿ ಇರುತ್ತವೆ. ಆಟಿಕೆ ಕಾರು ಕೋಣೆಯಷ್ಟೇ ತಣ್ಣಗಿರುತ್ತದೆ, ಹಾಗಾಗಿ ಪಿಐಆರ್ ಪಾಲಿಗೆ ಅದು ಇಲ್ಲವೇ ಇಲ್ಲ. ಆದರೂ ಜೋಡಿಸಿ ನೋಡಿದೆ. ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಸುಮ್ಮಸುಮ್ಮನೆ ಟ್ರಿಗರ್ ಆಗುತ್ತಿರುತ್ತದೆ. ಬಿಟ್ಟೆ. ಕಾರು ಓಡಿಸಿದೆ, ಎಲ್‌ಇಡಿ ಹೊತ್ತಲಿಲ್ಲ. ಕಾರು ಎತ್ತಿಕೊಳ್ಳೋಕೆ ಕೈ ಚಾಚಿದೆ, ತಕ್ಷಣ ಹೊತ್ತಿತು. ಅದರ ಮೇಲಿರುವ ಎರಡು ಪ್ರೀಸೆಟ್‌ಗಳಲ್ಲಿ (ತಿರುಗಿಸಿ ಹೊಂದಿಸುವ ಪುಟ್ಟ ಗುಂಡಿಗಳಲ್ಲಿ) ಒಂದು ಔಟ್‌ಪುಟ್ ಎಷ್ಟು ಹೊತ್ತು ಆನ್ ಇರಬೇಕು ಅನ್ನೋದಕ್ಕೆ. ಪೂರ್ತಿ ಕಡಿಮೆಗೆ ತಿರುಗಿಸಿದರೂ ಕೆಲವು ಸೆಕೆಂಡ್ ಆನ್ ಇದ್ದೇ ಇರುತ್ತದೆ, ಜಾಸ್ತಿ ಮಾಡಿದರೆ 5 ನಿಮಿಷದವರೆಗೂ ಹೋಗುತ್ತದೆ. ಬಚ್ಚಲುಮನೆ ಲೈಟಿಗೆ ಇದಕ್ಕಿಂತ ಒಳ್ಳೆಯದು ಬೇಡ. ನನ್ನ ಕೆಲಸಕ್ಕೆ ಮುಗೀತು.

ಮೈಕ್ರೋವೇವ್ ಮಾಡ್ಯೂಲ್, ಆರ್‌ಸಿಡಬ್ಲ್ಯೂಎಲ್-0516, ಇದೂ ಇತ್ತು. ಇದಕ್ಕೆ ಶಾಖ ಬೇಡ, ರೇಡಿಯೋ ಅಲೆ ಬಿಟ್ಟು ವಾಪಸ್ ಬರುವ ಅಲೆಯ ಬದಲಾವಣೆ ನೋಡುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟರೂ ಕೆಲಸ ಮಾಡುತ್ತದೆ, ಅದೇ ಇದರ ದೊಡ್ಡ ಗುಣ. ನನಗೆ ಅದೇ ತೊಂದರೆ ಆಯಿತು. ಸುತ್ತ ಮೂರ್ನಾಲ್ಕು ಮೀಟರ್‌ನಲ್ಲಿ ಯಾರು ಅಲ್ಲಾಡಿದರೂ ಹೌದು ಅನ್ನುತ್ತದೆ, ಒಮ್ಮೆ ಹೌದು ಅಂದರೆ ಎರಡು ಸೆಕೆಂಡ್ ಹಾಗೇ ಇರುತ್ತದೆ. ಮಕ್ಕಳು ಟ್ರ್ಯಾಕ್ ಸುತ್ತ ಕುಣಿಯುವಾಗ ಇದನ್ನು ಇಡೋದರಲ್ಲಿ ಅರ್ಥವಿಲ್ಲ.

ಅಲ್ಟ್ರಾಸಾನಿಕ್ ಮೇಲೆ ಮಾತ್ರ ನನಗೆ ಸ್ವಲ್ಪ ಆಸೆ ಇತ್ತು. ಎಚ್‌ಸಿ-ಎಸ್‌ಆರ್04, ಎರಡು ಕಣ್ಣಿನದು. ಟ್ರಿಗರ್ ಪಿನ್‌ಗೆ 10 ಮೈಕ್ರೋಸೆಕೆಂಡ್ ಪಲ್ಸ್ ಕೊಟ್ಟರೆ 40 ಕಿಲೋಹರ್ಟ್ಸ್‌ನ 8 ಅಲೆ ಬಿಡುತ್ತದೆ, ಪ್ರತಿಧ್ವನಿ ವಾಪಸ್ ಬರೋಕೆ ಎಷ್ಟು ಹೊತ್ತಾಯಿತೋ ಅಷ್ಟು ಉದ್ದದ ಪಲ್ಸ್ ಎಕೋ ಪಿನ್‌ನಲ್ಲಿ ಸಿಗುತ್ತದೆ, ಅದನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. ಸರಳ. ಆದರೆ ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಿ ಅಂತ ಅದರ ಡೇಟಾಶೀಟ್ ಹೇಳುತ್ತದೆ, ಹಿಂದಿನ ಅಲೆಯ ಪ್ರತಿಧ್ವನಿ ಇನ್ನೂ ಕೋಣೆಯಲ್ಲಿ ಸುತ್ತುತ್ತಿದ್ದರೆ ಹೊಸ ಅಳತೆಗೆ ಬಂದು ಸೇರಿಕೊಳ್ಳುತ್ತದೆ ಅಂತ. 60 ಮಿಲಿಸೆಕೆಂಡ್‌ನಲ್ಲಿ ನನ್ನ ಕಾರು 12 ಸೆಂಟಿಮೀಟರ್ ಹೋಗಿರುತ್ತದೆ. ಕಾರಿನ ಉದ್ದ 7. ಅಂದರೆ ಸೆನ್ಸರ್ ಒಂದು ಸಲ ನೋಡಿ ಮತ್ತೊಂದು ಸಲ ನೋಡುವುದರೊಳಗೆ ಇಡೀ ಕಾರು ಮುಂದಿನಿಂದ ದಾಟಿ ಹೋಗಬಹುದು. ನಿಯಮ ಬಿಟ್ಟು ಬೇಗ ಬೇಗ ಓದಿದೆ, ಆಗ ಸಿಗುತ್ತಿತ್ತು, ಆದರೆ ಯಾರೂ ಇಲ್ಲದಾಗಲೂ ಒಮ್ಮೊಮ್ಮೆ ಕಾರು ಬಂತು ಅನ್ನೋದು.

ಇನ್ನೊಂದು ತೊಂದರೆ, ಅಲೆ ಗೆರೆಯ ಹಾಗೆ ಹೋಗೋದಿಲ್ಲ, ಹರಡಿಕೊಳ್ಳುತ್ತದೆ. 15 ಡಿಗ್ರಿ ಕೋನ ಅಂದರೆ 30 ಸೆಂಟಿಮೀಟರ್ ದೂರದಲ್ಲಿ ಸುಮಾರು 8 ಸೆಂಟಿಮೀಟರ್ ಅಗಲ. ಅಷ್ಟು ಅಗಲದ ಫಿನಿಶ್ ಲೈನ್‌ನಲ್ಲಿ ಕಾರು ಯಾವಾಗ ದಾಟಿತು ಅಂತ ಹೇಳೋದು ಹೇಗೆ? ನಿಧಾನವಾಗಿ ಬರುವ ದೊಡ್ಡ ವಸ್ತುವಿಗೆ, ತೊಟ್ಟಿಯ ನೀರಿನ ಮಟ್ಟಕ್ಕೆ, ಗೋಡೆ ತಪ್ಪಿಸಿಕೊಂಡು ಹೋಗುವ ಪುಟ್ಟ ರೋಬೋಗೆ ಇದು ಬಹಳ ಚೆನ್ನಾಗಿದೆ, ನಾನೇ ಹಿಂದೆ ಬಳಸಿದ್ದೇನೆ.

ಲೇಸರ್ ದೂರಮಾಪಕ, ವಿಎಲ್53ಎಲ್0ಎಕ್ಸ್, ಇದರ ಕಥೆಯೂ ಹೆಚ್ಚೂಕಡಿಮೆ ಅದೇ. ಬೆಳಕಿನ ವೇಗದಲ್ಲಿ ಅಳೆಯುತ್ತದೆ ಅಂತ ಕೇಳಿದಾಗ ಖುಷಿಯಾಗುತ್ತದೆ, ಆದರೆ ಸುಮ್ಮನೆ ಬಿಟ್ಟರೆ ಒಂದು ಅಳತೆಗೆ 33 ಮಿಲಿಸೆಕೆಂಡ್ ತಗೊಳ್ಳುತ್ತದೆ, ಅವಸರ ಮಾಡಿದರೂ 20. ಕಾರು ಬಂದದ್ದು ಗೊತ್ತಾಗುತ್ತದೆ. ಯಾವಾಗ ಬಂತು ಅನ್ನೋದರಲ್ಲಿ 4 ಸೆಂಟಿಮೀಟರ್‌ನಷ್ಟು ಅನುಮಾನ ಉಳಿಯುತ್ತದೆ.

ಇಲ್ಲಿಗೆ ಬರುವಷ್ಟರಲ್ಲಿ ದೂರ ಅಳೆಯೋ ಸೆನ್ಸರ್ ನನಗೆ ಬೇಡ ಅನ್ನೋದು ಖಚಿತವಾಗಿತ್ತು. ನನಗೆ ದೂರ ಬೇಡ, ಇದೆಯೋ ಇಲ್ಲವೋ ಅಷ್ಟೇ ಸಾಕು, ಆದರೆ ಥಟ್ ಅಂತ ಬೇಕು. ಹಾಗಾಗಿ ಇನ್‌ಫ್ರಾರೆಡ್ ಅಬ್‌ಸ್ಟಕಲ್ ಮಾಡ್ಯೂಲ್ ತೆಗೆದೆ. ಒಂದು ಪಾರದರ್ಶಕ ಎಲ್‌ಇಡಿ, ಪಕ್ಕದಲ್ಲೇ ಒಂದು ಕಪ್ಪು ರಿಸೀವರ್, ಹಿಂದೆ ಎಲ್‌ಎಂ393 ಕಂಪ್ಯಾರೇಟರ್ (ಬಂದ ವೋಲ್ಟೇಜ್ ಮಿತಿ ದಾಟಿತೋ ಇಲ್ಲವೋ ಅಂತ ಹೋಲಿಸುವ ಚಿಪ್), ನೀಲಿ ಪ್ರೀಸೆಟ್. ಬೆಳಕು ವಸ್ತುವಿಗೆ ಬಡಿದು ವಾಪಸ್ ಬಂದರೆ ಔಟ್‌ಪುಟ್ ಸೊನ್ನೆಗೆ ಇಳಿಯುತ್ತದೆ. ವೇಗ ಚೆನ್ನಾಗಿದೆ, ವೈರಿಂಗ್ ಮೂರೇ ತಂತಿ. ಬಿಳಿ ಕಾರು ಓಡಿಸಿದೆ, ಸೂಪರ್. ಹಳದಿ ಕಾರು, ಅದೂ ಸೂಪರ್. ಕಪ್ಪು ಕಾರು ಬಂತು, ಹೋಯಿತು, ಇದಕ್ಕೆ ಗೊತ್ತೇ ಆಗಲಿಲ್ಲ. ಪ್ರೀಸೆಟ್ ತಿರುಗಿಸಿ ಕಪ್ಪು ಕಾರು ಕಾಣುವ ಹಾಗೆ ಮಾಡಿದೆ, ಆಗ ಎದುರಿನ ಟ್ರ್ಯಾಕ್ ಅಂಚೇ ಕಾಣತೊಡಗಿತು. ನಡುವೆ ಎಲ್ಲೋ ಒಂದು ಕಡೆ ಎರಡೂ ಸರಿಹೋಗುವ ಹಾಗೆ ನಿಲ್ಲಿಸಿದೆ. ಆದರೆ ಬಿಳಿ ಕಾರಿನ ಮೂಗು ಗೆರೆಗೆ ಬರುವ ಮೊದಲೇ ಸಿಗ್ನಲ್, ಕಪ್ಪು ಕಾರು ಅರ್ಧ ದಾಟಿದ ಮೇಲೆ ಸಿಗ್ನಲ್. ಬಣ್ಣ ನೋಡಿ ತೀರ್ಪು ಕೊಡೋ ಅಂಪೈರ್ ಇದ್ದ ಹಾಗೆ. ಇದನ್ನು ಹುಡುಗನಿಗೆ ತೋರಿಸಿದರೆ ಬಿಳಿ ಕಾರೇ ಬೇಕು ಅಂತ ಹಟ ಮಾಡುತ್ತಿದ್ದ, ಗ್ಯಾರಂಟಿ.

ಆಯಸ್ಕಾಂತ ಹತ್ತಿರ ಬಂದರೆ ಹೇಳುವ ಹಾಲ್ ಸೆನ್ಸರ್ ಬಗ್ಗೆಯೂ ಯೋಚನೆ ಮಾಡಿದೆ. ಎ3144 ಅಂತ ಮೂರು ಕಾಲಿನ ಪುಟ್ಟದು, ಟ್ರ್ಯಾಕ್ ಕೆಳಗೆ ಅಂಟಿಸಿ, ಕಾರಿನ ಹೊಟ್ಟೆಗೆ ಒಂದು ಆಯಸ್ಕಾಂತ ಅಂಟಿಸಿದರೆ ಆಯಿತು. ಬಣ್ಣ, ಬಿಸಿಲು, ಧೂಳು ಯಾವುದರ ಗೊಡವೆಯೂ ಇಲ್ಲ. ಔಟ್‌ಪುಟ್ ಓಪನ್ ಕಲೆಕ್ಟರ್, ಅಂದರೆ ಸೊನ್ನೆಗೆ ಎಳೆಯುತ್ತದೆ ಅಷ್ಟೇ, ತಾನಾಗಿ ಮೇಲೇರಿಸೋದಿಲ್ಲ, ಹಾಗಾಗಿ 5 ವೋಲ್ಟ್ ಕಡೆಗೆ ಎಳೆಯುವ ಪುಲ್-ಅಪ್ ರೆಸಿಸ್ಟರ್ ಬೇಕು. ಆಯಸ್ಕಾಂತದ ಒಂದು ಮುಖಕ್ಕೆ ಮಾತ್ರ ಸ್ಪಂದಿಸುತ್ತದೆ, ಇದು ಗೊತ್ತಿಲ್ಲದವರು ಸೆನ್ಸರ್ ಸುಟ್ಟುಹೋಗಿದೆ ಅಂತ ಬಿಸಾಡಿದ್ದೂ ಇದೆ. ಮಾದರಿ ರೈಲು ಮಾಡುವವರಿಗೆ ಇದನ್ನೇ ಹೇಳುತ್ತೇನೆ, ಇಂಜಿನ್ ಒಂದೇ, ಒಂದು ಆಯಸ್ಕಾಂತ ಸಾಕು. ನಮ್ಮಲ್ಲಿ ಗೆಳೆಯರು ತಮ್ಮ ತಮ್ಮ ಕಾರು ತರುತ್ತಾರೆ, ಬಂದ ಪ್ರತಿ ಕಾರಿಗೂ ಅಂಟು ಹಚ್ಚುತ್ತಾ ಕೂರೋಕೆ ಆಗುತ್ತದಾ?

ಉಳಿದದ್ದು ಅಡ್ಡ ಕಿರಣ. ಒಂದು ಕಡೆಯಿಂದ ಬೆಳಕು, ಎದುರು ಕಡೆ ರಿಸೀವರ್, ನಡುವೆ ಕಾರು ಬಂದಾಗ ಬೆಳಕು ಕಡಿಯುತ್ತದೆ. ಕಾರು ಯಾವ ಬಣ್ಣದ್ದಾದರೂ ಅಡ್ಡ ಬಂದರೆ ಅಡ್ಡವೇ.

ಇದನ್ನು ಲೇಸರ್ ಡಯೋಡ್ ಮತ್ತು ಎಲ್‌ಡಿಆರ್ (ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ಬಿಡಿಭಾಗ) ಇಟ್ಟು ಮಾಡುವವರು ತುಂಬಾ ಜನ ಇದ್ದಾರೆ. ನಾನು ಎರಡು ಕಾರಣಕ್ಕೆ ಬಿಟ್ಟೆ. ಎಲ್‌ಡಿಆರ್ ಬಹಳ ಸೋಮಾರಿ, ಬೆಳಕು ಹೋದ ಮೇಲೆ ಅದರ ರೆಸಿಸ್ಟೆನ್ಸ್ ಏರೋಕೆ ಹತ್ತಾರು ಮಿಲಿಸೆಕೆಂಡ್ ಬೇಕು, ನನ್ನ ಬಳಿ ಇರೋದೇ 35. ಬಾಗಿಲಿನ ಅಲಾರಂಗೆ ಏನೂ ತೊಂದರೆ ಇಲ್ಲ. ಎರಡನೆಯದು ಕಣ್ಣು. ಮಕ್ಕಳು ನೆಲದ ಮೇಲೆ ಮಲಗಿಕೊಂಡು, ಟ್ರ್ಯಾಕ್ ಮಟ್ಟಕ್ಕೇ ಕಣ್ಣಿಟ್ಟು ನೋಡುತ್ತಾರೆ. ಅಲ್ಲಿ 5 ಮಿಲಿವ್ಯಾಟ್‌ನ ಕೆಂಪು ಲೇಸರ್ ಇಡೋದು ನನಗೆ ಬೇಡವೇ ಬೇಡ.

ಹಾಗಾಗಿ ಸಾಧಾರಣ 940 ನ್ಯಾನೋಮೀಟರ್ ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಫೋಟೋಟ್ರಾನ್ಸಿಸ್ಟರ್, ಅಂದರೆ ಬೆಳಕು ಬಿದ್ದರೆ ಕರೆಂಟ್ ಹರಿಯಬಿಡುವ ಟ್ರಾನ್ಸಿಸ್ಟರ್. ಇದು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಸ್ಪಂದಿಸುತ್ತದೆ. ಎಲ್‌ಇಡಿಗೆ 220 ಓಮ್ ಹಾಕಿದೆ, 5 ವೋಲ್ಟ್‌ನಲ್ಲಿ ಸುಮಾರು 17 ಮಿಲಿಆಂಪ್ ಹರಿಯುತ್ತದೆ. ಹೊತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣೋದಿಲ್ಲ, ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ನೇರಳೆ ಬಣ್ಣದಲ್ಲಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಗಟ್ಟಿ ಇರುವುದರಿಂದ ಎಷ್ಟೋ ಸಲ ಕಾಣೋದಿಲ್ಲ. ಫೋಟೋಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಿಂದ 5 ವೋಲ್ಟ್‌ಗೆ 10 ಕಿಲೋಓಮ್, ಎಮಿಟರ್ ಗ್ರೌಂಡ್‌ಗೆ. ಬೆಳಕು ಬೀಳುತ್ತಿದ್ದರೆ ಕಲೆಕ್ಟರ್‌ನಲ್ಲಿ ಸೊನ್ನೆ ಹತ್ತಿರ, ಕಡಿದರೆ 5ರ ಹತ್ತಿರ.

ರಾತ್ರಿ ಎಲ್ಲ ಚೆನ್ನಾಗಿತ್ತು. ಬೆಳಗ್ಗೆ ಕಿಟಕಿಯಿಂದ ಬಿಸಿಲು ಬಂದಾಗ ಕಾರು ದಾಟಿದರೂ ಟೈಮರ್ ನಿಲ್ಲುತ್ತಿರಲಿಲ್ಲ. ಕಲೆಕ್ಟರ್‌ಗೆ ಮಲ್ಟಿಮೀಟರ್ ಇಟ್ಟು, ಕಿರಣಕ್ಕೆ ಕೈಯಾರೆ ರಟ್ಟು ಅಡ್ಡ ಹಿಡಿದೆ. 5ರ ಹತ್ತಿರ ಹೋಗಬೇಕಿದ್ದ ವೋಲ್ಟೇಜ್ 2ರಲ್ಲೇ ನಿಂತಿತ್ತು. ಬಿಸಿಲಲ್ಲಿ ಇನ್‌ಫ್ರಾರೆಡ್ ಧಾರಾಳ ಇರುತ್ತದೆ, ಎಲ್‌ಇಡಿ ಬೆಳಕನ್ನು ಕಾರು ಕಡಿದರೂ ಫೋಟೋಟ್ರಾನ್ಸಿಸ್ಟರ್‌ಗೆ ಬಿಸಿಲೇ ಸಾಕಾಗಿತ್ತು. ಊನೋ ಬೋರ್ಡಿನ ಚಿಪ್ 3 ವೋಲ್ಟ್ ದಾಟಿದರೆ ಮಾತ್ರ ಖಂಡಿತ ಹೈ ಅಂತ ಓದುತ್ತದೆ, 1.5ಕ್ಕಿಂತ ಕೆಳಗಿದ್ದರೆ ಖಂಡಿತ ಲೋ. 2 ಅನ್ನೋದು ಎರಡೂ ಅಲ್ಲ.

ಲೆಕ್ಕ ಹಾಕಿದರೆ 3 ವೋಲ್ಟ್ ಇಳಿಯೋಕೆ 10 ಕಿಲೋಓಮ್‌ನಲ್ಲಿ 0.3 ಮಿಲಿಆಂಪ್ ಸಾಕು, ಅಷ್ಟು ಬಿಸಿಲಿನಿಂದ ಬರುತ್ತಿದೆ. ರೆಸಿಸ್ಟರ್ ಅನ್ನು 4.7 ಕಿಲೋಓಮ್‌ಗೆ ಇಳಿಸಿದರೆ ಅದೇ ಬಿಸಿಲಿಗೆ 1.4 ವೋಲ್ಟ್ ಮಾತ್ರ ಇಳಿಯುತ್ತದೆ, ಉಳಿದದ್ದು 3.6, ಹೈ. ಇಳಿಸಿದೆ. ಜೊತೆಗೆ ಫೋಟೋಟ್ರಾನ್ಸಿಸ್ಟರ್‌ಗೆ ಒಂದು ಕಪ್ಪು ಹೀಟ್‌ಶ್ರಿಂಕ್ ಕೊಳವೆ ತೊಡಿಸಿ 2 ಸೆಂಟಿಮೀಟರ್ ಮುಂದಕ್ಕೆ ಚಾಚಿಸಿದೆ, ಎದುರಿನ ಎಲ್‌ಇಡಿ ಬಿಟ್ಟು ಬೇರೆ ಏನೂ ಅದಕ್ಕೆ ಕಾಣಬಾರದು ಅಂತ. ನಿಜ ಹೇಳಬೇಕೆಂದರೆ ಜಾಸ್ತಿ ಕೆಲಸ ಮಾಡಿದ್ದು ಕೊಳವೆಯೇ. ಒಂದು ಎಚ್ಚರಿಕೆ, ಕಣ್ಣಿಗೆ ಕಪ್ಪಾಗಿ ಕಾಣುವ ಪ್ಲಾಸ್ಟಿಕ್ ಎಲ್ಲ ಇನ್‌ಫ್ರಾರೆಡ್ ತಡೆಯೋದಿಲ್ಲ. ಟಿವಿಯಲ್ಲಿ ರಿಮೋಟ್ ಸಿಗ್ನಲ್ ಹೋಗುವ ಕಿಟಕಿಯೂ ಕಪ್ಪೇ ಅಲ್ವಾ? ಅಂಟಿಸುವ ಮೊದಲು ಎಲ್‌ಇಡಿಗೆ ಮುಚ್ಚಿ ಮೀಟರ್ ನೋಡಿಬಿಡಿ.

"38 ಕಿಲೋಹರ್ಟ್ಸ್‌ನ ಟಿಎಸ್‌ಒಪಿ ರಿಸೀವರ್ ಹಾಕಿದ್ದರೆ ಬಿಸಿಲಿನ ಕಾಟವೇ ಇರುತ್ತಿರಲಿಲ್ಲ" ಅಂತ ನೀವು ಹೇಳಬಹುದು. ಸೆಕೆಂಡಿಗೆ 38 ಸಾವಿರ ಸಲ ಮಿನುಗುವ ಬೆಳಕಿಗೆ ಮಾತ್ರ ಸ್ಪಂದಿಸುವ ರಿಸೀವರ್ ಅದು, ಒಂದೇ ಸಮನೆ ಬೀಳುವ ಬಿಸಿಲನ್ನು ಲೆಕ್ಕಿಸೋದಿಲ್ಲ. ಹೌದು, ಬಾಗಿಲಿನಷ್ಟು ಅಗಲಕ್ಕೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ರಿಮೋಟ್‌ಗೆ ಅಂತ ಮಾಡಿದ ಟಿಎಸ್‌ಒಪಿ38238 ಥರದವು ಒಂದೇ ಸಮ ಬರುವ 38 ಕಿಲೋಹರ್ಟ್ಸ್ ಅನ್ನು ಗದ್ದಲ ಅಂತ ತಿಳಿದು ಸ್ವಲ್ಪ ಹೊತ್ತಿಗೆ ಕಿವಿ ಮುಚ್ಚಿಕೊಳ್ಳುತ್ತವೆ. ಬಿಟ್ಟು ಬಿಟ್ಟು ಕಳಿಸಬೇಕು, ಇಲ್ಲವೇ ಒಂದೇ ಸಮ ಬರುವ 38 ಕಿಲೋಹರ್ಟ್ಸ್‌ಗೇ ಅಂತ ಮಾಡಿರುವ ಟಿಎಸ್‌ಎಸ್‌ಪಿ4038 ತರಬೇಕು. ನನ್ನ ಟ್ರ್ಯಾಕ್ ಅಗಲ 5 ಸೆಂಟಿಮೀಟರ್. ಅಷ್ಟಕ್ಕೆ ಕೊಳವೆ ಸಾಕು.

ಆಮೇಲೆ ನನಗೆ ಜಾಸ್ತಿ ಹೊತ್ತು ಹಿಡಿದದ್ದು ಕಿರಣದ ಎತ್ತರ. 2 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟಾಗ ಲಾರಿಯ ಮೂಗು ತಕ್ಷಣ ಕಿರಣ ಕಡಿಯುತ್ತದೆ, ಸ್ಪೋರ್ಟ್ಸ್ ಕಾರಿನ ಬಾನೆಟ್ ಮಾತ್ರ ಕಿರಣದ ಕೆಳಗೇ ತೂರಿ ಹೋಗಿ, ಗಾಜಿನ ಹತ್ತಿರ ಬಂದಾಗ ಕಡಿಯುತ್ತದೆ. ಅಂದರೆ ಸ್ಪೋರ್ಟ್ಸ್ ಕಾರಿಗೆ ಅನ್ಯಾಯವಾಗಿ 10 ಮಿಲಿಸೆಕೆಂಡ್ ಜಾಸ್ತಿ. ತೀರಾ ಕೆಳಗೆ ಇಟ್ಟರೆ ಮುಂದಿನ ಚಕ್ರ, ಖಾಲಿ ಜಾಗ, ಹಿಂದಿನ ಚಕ್ರ ಅಂತ ಒಂದೇ ಕಾರು ಎರಡು ಸಲ ಕಡಿಯುತ್ತದೆ. 1 ಸೆಂಟಿಮೀಟರ್‌ನಲ್ಲಿ ಇಟ್ಟೆ, ಬಹುತೇಕ ಎಲ್ಲ ಕಾರುಗಳ ಬಂಪರ್ ಅಲ್ಲಿಗೆ ಬರುತ್ತದೆ. ಎರಡೆರಡು ಸಲ ಕಡಿಯುವ ಸಮಸ್ಯೆಗೆ ಕೋಡ್‌ನಲ್ಲೇ ಮದ್ದು ಇದೆ: ಮೊದಲ ಕಡಿತದ ಸಮಯ ಬರೆದುಕೊಂಡು, ಅದಾದ ಮೇಲೆ 200 ಮಿಲಿಸೆಕೆಂಡ್ ಏನು ಬಂದರೂ ಕಣ್ಣು ಮುಚ್ಚಿಕೊಳ್ಳೋದು.

ಕೋಡ್ ಬಗ್ಗೆ ಹೆಚ್ಚೇನಿಲ್ಲ. ಲೂಪ್‌ನಲ್ಲಿ ಪಿನ್ ಓದುತ್ತಾ ಕೂತರೆ ಡಿಸ್‌ಪ್ಲೇಗೆ ಬರೆಯುವ ಹೊತ್ತಲ್ಲಿ ಕಾರು ದಾಟಿದರೆ ಸಮಯ ತಪ್ಪುತ್ತದೆ, ಹಾಗಾಗಿ ಇಂಟರಪ್ಟ್, ಅಂದರೆ ಪಿನ್ ಬದಲಾದ ಕೂಡಲೇ ನಡೆಯುತ್ತಿರುವ ಕೆಲಸ ನಿಲ್ಲಿಸಿ ಬೋರ್ಡ್ ಅದನ್ನು ನೋಡುವ ವ್ಯವಸ್ಥೆ. ಊನೋದಲ್ಲಿ ಅದಕ್ಕೆ 2 ಮತ್ತು 3ನೇ ಪಿನ್. ಒಂದಕ್ಕೆ ಸ್ಟಾರ್ಟ್ ಗೇಟ್ (ಎಲ್‌ಇಡಿ, ಫೋಟೋಟ್ರಾನ್ಸಿಸ್ಟರ್ ಜೋಡಿಗೆ ಗೇಟ್ ಅನ್ನುತ್ತಿದ್ದೇನೆ), ಇನ್ನೊಂದಕ್ಕೆ ಫಿನಿಶ್. ಇಂಟರಪ್ಟ್ ಒಳಗೆ ಮೈಕ್ರೋಸೆಕೆಂಡ್ ಗಡಿಯಾರ ನೋಡಿ ಬರೆದುಕೊಳ್ಳೋದು ಬಿಟ್ಟರೆ ಬೇರೆ ಏನೂ ಮಾಡಬೇಡಿ, ಪ್ರಿಂಟ್ ಅಂತೂ ಬೇಡವೇ ಬೇಡ. ಊನೋದಲ್ಲಿ ಈ ಗಡಿಯಾರ 4 ಮೈಕ್ರೋಸೆಕೆಂಡ್‌ಗೆ ಒಂದು ಹೆಜ್ಜೆ ಹಾಕುತ್ತದೆ, ನಮಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಚುರುಕು.

ಟೈಮರ್ ಹೇಳೋದು ಸರಿ ಇದೆ ಅಂತ ನಂಬೋದು ಹೇಗೆ? ಎರಡು ಗೇಟ್‌ಗಳನ್ನು ಒಂದರ ಕೆಳಗೆ ಒಂದು 20 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ, ಮೇಲಿನ ಕಿರಣಕ್ಕೆ ತಾಗಿಯೂ ತಾಗದ ಹಾಗೆ ಒಂದು ಕಬ್ಬಿಣದ ಗುಂಡು ಹಿಡಿದು ಬಿಟ್ಟೆ. ಗುರುತ್ವದ ಲೆಕ್ಕದಲ್ಲಿ 0.202 ಸೆಕೆಂಡ್ ಬರಬೇಕು. ಬರಲಿಲ್ಲ, ಯಾವಾಗಲೂ ಕಡಿಮೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಗುಂಡನ್ನು ಕಿರಣಕ್ಕಿಂತ ಬರೀ 1 ಸೆಂಟಿಮೀಟರ್ ಮೇಲಿಂದ ಬಿಟ್ಟರೂ ಸಮಯ 0.162ಕ್ಕೆ ಇಳಿಯುತ್ತದೆ, ಯಾಕೆಂದರೆ ಮೊದಲ ಗೇಟ್ ದಾಟುವಾಗಲೇ ಅದು ಓಡತೊಡಗಿರುತ್ತದೆ. ಹಾಗಾಗಿ ಬೇಕೆಂತಲೇ ಸರಿಯಾಗಿ 5 ಸೆಂಟಿಮೀಟರ್ ಮೇಲಿಂದ, ಸ್ಕೇಲ್ ಇಟ್ಟು ಬಿಡತೊಡಗಿದೆ. ಆ ಎತ್ತರದಿಂದ ಲೆಕ್ಕದ ಪ್ರಕಾರ 0.125 ಬರಬೇಕು. ಒಂದೆರಡು ಮಿಲಿಸೆಕೆಂಡ್ ಆಚೀಚೆ ಬಂತು. ಕೈಯಲ್ಲಿ ಹಿಡಿದು ಬಿಡುವ ಗುಂಡಿಗೆ ಅದಕ್ಕಿಂತ ಚೆನ್ನಾಗಿ ಬರೋದು ಕಷ್ಟ.

ಈಗ ಹುಡುಗನಿಗೆ ಎರಡು ಕಾರು ಪಕ್ಕಪಕ್ಕದಲ್ಲಿ ಓಡಬೇಕಂತೆ. ಅಡ್ಡ ಕಿರಣ ಅಲ್ಲಿ ಕೈಕೊಡುತ್ತದೆ, ಯಾವ ಕಾರು ಕಡಿಯಿತು ಅಂತ ಗೊತ್ತಾಗೋದಿಲ್ಲ. ಹಾಗಾಗಿ ಮೇಲೆ ಒಂದು ಕಮಾನು ಕಟ್ಟಿ ಎಲ್‌ಇಡಿಗಳನ್ನು ಕೆಳಮುಖವಾಗಿ ಇಟ್ಟು, ಪ್ರತಿ ಲೇನ್‌ಗೂ ಟ್ರ್ಯಾಕ್‌ನಲ್ಲೇ ತೂತು ಕೊರೆದು ಫೋಟೋಟ್ರಾನ್ಸಿಸ್ಟರ್ ಕೂರಿಸುತ್ತಿದ್ದೇನೆ. ಇದರಲ್ಲಿ ಬಾನೆಟ್ ಎತ್ತರದ ಜಗಳ ಇಲ್ಲ, ಮೇಲಿಂದ ನೋಡಿದರೆ ಎಲ್ಲ ಕಾರಿನ ಮೂಗೂ ಒಂದೇ. ಬಿಸಿಲನ್ನೂ ಕಮಾನೇ ತಡೆಯುತ್ತದೆ. ತೂತಿಗೆ ಧೂಳು ತುಂಬಿಕೊಳ್ಳುತ್ತದೆ, ಅದಕ್ಕೆ ಪಾರದರ್ಶಕ ಟೇಪ್ ಅಂಟಿಸಿ ಆಗಾಗ ಒರೆಸಬೇಕು. ಪಕ್ಕದ ಲೇನ್‌ನ ಎಲ್‌ಇಡಿ ಬೆಳಕು ಈ ಕಡೆ ಹಾಯದಿರಲಿ ಅಂತ ಎಲ್‌ಇಡಿಗಳಿಗೂ ಕೊಳವೆ ತೊಡಿಸಿದ್ದೇನೆ. 2 ಮತ್ತು 3ನೇ ಪಿನ್ ಎರಡೂ ಫಿನಿಶ್‌ಗೆ ಹೋದವು, ಸ್ಟಾರ್ಟ್‌ಗೆ ಗೇಟ್ ಬದಲು ಒಂದು ಮೈಕ್ರೋಸ್ವಿಚ್ ಇಟ್ಟು ಬೇರೊಂದು ಪಿನ್‌ನಲ್ಲಿ ಪಿನ್-ಚೇಂಜ್ ಇಂಟರಪ್ಟ್ (ಉಳಿದ ಪಿನ್‌ಗಳಲ್ಲೂ ಸಿಗುವ ಇನ್ನೊಂದು ಬಗೆಯ ಇಂಟರಪ್ಟ್) ಹಾಕಿದ್ದೇನೆ. ಸ್ವಿಚ್ ಬೌನ್ಸ್ ಆಗುತ್ತದೆ, ಅಂದರೆ ಒಂದು ಸಲ ಒತ್ತಿದರೂ ಹಲವು ಸಲ ಒತ್ತಿದ ಹಾಗೆ ಅದುರುತ್ತದೆ, ಅದಕ್ಕೂ ಆ 200 ಮಿಲಿಸೆಕೆಂಡ್ ಮದ್ದೇ.